ತಗಡಿನ ಕೋಲಿಯ ತತ್ತಿ

ಏಪ್ರಿಲ್ ೯, ಯುಗಾದಿ

ಬೀಜದ ಅಂಗಡಿಯವರು ಕೊಟ್ಟ ಡೈರಿ ಮೂರು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತು ಬರೀಬೇಕು ಅನಸ್ತು. ಮನ್ಯಾಗ ಬಾಯಿ ತೆಗೆದ್ರ ಜಗಳ ಆಗ್ತೈತಿ. ಇದರಾಗಾದ್ರ ನನಗ ಎದುರು ಮಾತಾಡೋರು ಯಾರೂ ಇಲ್ಲ.

ಬೇವು ಬೆಲ್ಲ ತಿಂದು ಕೈ ತೊಳಕೊಳ್ಳೋದ್ರಾಗ ಅವ್ವ ಶುರು ಹಚ್ಚಿದ್ಲು. "ಏಳು ವರ್ಷ ಆತು. ಅಟ್ಟದ ಮ್ಯಾಲಿನ ತೊಟ್ಲಕ್ಕ ಗೆದ್ದಲ ಹತ್ತೈತಿ. ಶ್ರಾವಣದ ತನಕ ನೋಡ್ತೀನಿ. ಆಮ್ಯಾಲ ನನ್ನ ಮಗಗ ಬ್ಯಾರೆ ಹೆಣ್ಣು ತರತೀನಿ." ತಮ್ಮ ರಾಜಕುಮಾರ ಕೇಳಿಸಿದ್ರೂ ಕೇಳಿಸದಂಗ ಎದ್ದು ಹಿತ್ತಲದಾಗಿನ ನೂಲಿಗೆ ಬಣ್ಣ ಕಾಸೋ ಹಂಡೆ ಕಡೆ ಹೋದ. ಅವನ ಹೆಂಡ್ತಿ ಗಟ್ಟಿನಾಕಿ ಒಲಿ ಮುಂದ ಹೋಳಿಗಿ ಬೇಯಿಸ್ತಿದ್ಲು, ಕೈ ನಿಲ್ಲಿಸಲಿಲ್ಲ. ಪ್ರಶಾಂತಿ ಅಂತ ಹೆಸರು ಐತಿ. ಗಟ್ಟು ಊರಿಂದ ಬಂದಾಕಿ ಅಂತ ನಾನು ಮೊದಲಿಂದ ಗಟ್ಟಿನಾಕಿ ಅಂತನ ಅಂತೀನಿ.

ಹೆಣ್ಣಿನ ಮಾತು ತೆಗೆದಾಕಿ ನಾನ. ವಡ್ಡೆಪಲ್ಲಿಯಾಗ ನನ್ನ ಗೆಳತಿ ಪೆಂಟಮ್ಮ ಅದಾಳ, ಆಕಿ ಅಣ್ಣನ ಮಗಳು ಮೌನಿಕಾ ಅಂತ. ನನ್ನ ಗಂಡ ಸತ್ತು ತವರಿಗೆ ಬಂದು ಕುಂತ ಮ್ಯಾಲ ನನಗೂ ಇರೋದು ಇದೊಂದ ಮನಿ. ತಮ್ಮನ ಮನಿ ಬೆಳಗಬೇಕು ಅಂದ್ರ ಅದ್ರಾಗ ತಪ್ಪೇನೈತಿ? ಯಾರಿಗೆ ಕೆಟ್ಟ ಅನಸ್ತೈತೋ ಅನಸ್ಲಿ.

ಸಂಜಿಗೆ ಅವ್ವ ಗಟ್ಟಿನಾಕಿ ಕಡೆ ಕೈ ಮಾಡಿ ಇನ್ನೊಂದು ಹೇಳಿದ್ಲು. "ನಾಳಿಂದ ಇಕಿನ್ನೂ ನಿನ್ನ ಜೊತಿ ಹುಳದ ಮನಿಗೆ ಕರ್ಕೊಂಡು ಹೋಗು. ಮುಂಜಾನೆದ್ದು ಇಕಿ ಮಾರಿ ನೋಡಿ ಮಗ್ಗ ಹತ್ತಾಕ ನನಗ ಆಗವಲ್ದು."

ಬಂತಲ್ಲಪ್ಪ ನನ್ನ ಕೊರಳಿಗೆ.

ಏಪ್ರಿಲ್ ೧೨

ಗಟ್ಟಿನಾಕಿಗೆ ಕೆಲಸ ಹೇಳಿ ಹೇಳಿ ಬಾಯಿ ಒಣಗಿ ಹೋತು. ಹುಳದ ಮನಿ ಅಂದ್ರ ಹುಳ ಕೊಲ್ಲೋ ಮನಿ ಅಂತ ತಿಳಕೊಂಡಿದ್ಲಂತ. ಅಲ್ಲ ತಾಯಿ, ಸಾಕೋ ಮನಿ ಅಂದೆ. ಜ್ವಾಳದ ನುಚ್ಚಿನ ಟ್ರೇದಾಗ ಪತಂಗ ಸಾಕಬೇಕು. ಅವು ಇಟ್ಟ ತತ್ತಿ ಜರಡಿ ಹಿಡದು, ಅಂಟು ಹಚ್ಚಿದ ಕಾರ್ಡಿನ ಮ್ಯಾಲ ಉದರಿಸಬೇಕು. ಅದರ ಮ್ಯಾಲ ಕಣ್ಣಿಗಿ ಕಾಣದಷ್ಟು ಸಣ್ಣ ಕಣಜ ಬಿಡಬೇಕು. ಕಣಜ ಹೋಗಿ ಪತಂಗದ ತತ್ತಿ ಒಳಗ ತನ್ನ ತತ್ತಿ ಇಡ್ತೈತಿ. ಕಾರ್ಡ್ ಕರ್ರಗಾತು ಅಂದ್ರ ಕೆಲಸ ಕೂಡ್ತು ಅಂತ. ಆ ಕಾರ್ಡ್ ರೈತರು ಒಯ್ದು ಹತ್ತಿ ಎಲಿ ಕೆಳಗ ಚುಚ್ತಾರ. ಕಣಜ ಎದ್ದು ಹೊಲದಾಗಿನ ಕಾಯಿಕೊರಕ ಹುಳದ ತತ್ತಿ ಹುಡುಕಿ ಹುಡುಕಿ ಕೆಡಸ್ತಾವ.

ಎಲ್ಲಾ ಕೇಳಿ ಆಕಿ ಏನು ಕೇಳಬೇಕು? "ಅಕ್ಕಾ, ಅಂದ್ರ ಒಂದರ ಮಕ್ಕಳನ್ನ ಕೊಟ್ಟು ಇನ್ನೊಂದರ ಮಕ್ಕಳನ್ನ ಸಾಕೋದೇನ್ರೀ?"

ಬಾಯಿ ಮುಚ್ಕೊಂಡು ಜರಡಿ ಹಿಡಿ ಅಂದೆ.

ಪತಂಗದ ರೆಕ್ಕಿ ಹೊಟ್ಟು ಹಾರಿ ಮೂಗಿನಾಗ ಹೋಗ್ತೈತಿ. ನನಗ ನಾಕು ವರ್ಷದಿಂದ ಅದರದೇ ಕೆಮ್ಮು. ಆಕಿ ಮನಿಯಿಂದ ಸೀರಿ ತುಂಡು ತಂದು ಮಾರಿಗೆ ಕಟ್ಕೊಂಡ್ಲು. ಕೆಂಪು ಅಂಚಿಂದು, ನಮ್ಮ ರಾಜು ಹಾಕಿದ ಬಣ್ಣ. ಹೊಂಟಾಗ ಬಾಗಲ ಹಿಂದಿನ ಗೂಟಕ್ಕ ನೇತು ಹಾಕಿದ್ಲು. ಬಂದು ಎರಡು ದಿನ ಆಗಿಲ್ಲ, ಗೂಟ ಹಿಡದಾಳ.

ಏಪ್ರಿಲ್ ೨೬

ಬಿಸಲು ತಲಿ ಒಡೀತೈತಿ. ಮುಂಗಾರಿಗೆ ಕಾರ್ಡ್ ಭಾಳ ಬೇಕು ಅಂತ ಭೀಮಶಂಕರ್ ಸಾರ್ ಹೆಚ್ಚಿಗಿ ಟ್ರೇ ಹಾಕಿಸ್ಯಾರ. ಹುಳದ ಮನಿ ನಡಸೋರು ಅವರು, ಹುಳದ ವಿದ್ಯೆನ ಓದಿದವರು. ಎಸಿ ಹಾಕಿದ ದೊಡ್ಡ ಕೋಲ್ಯಾಗ ಜಾಗ ಸಾಲಲಿಲ್ಲ. ಉಳಿದ ಟ್ರೇ ಹಿಂದಿನ ತಗಡಿನ ಕೋಲ್ಯಾಗ ಇಟ್ವಿ. ದೊಡ್ಡ ಕೋಲ್ಯಾಗ ಇಪ್ಪತ್ತಾರು ಡಿಗ್ರಿ, ತಗಡಿನ ಕೋಲ್ಯಾಗ ಮುಂಜಾನೆಗೇ ಮೂವತ್ತೆಂಟು. ಅಲ್ಲಿ ಹೋಗಿ ನಿಂತ್ರ ಪುಟ್ಟಿ ಕೆಳಗ ಮುಚ್ಚಿಟ್ಟಂಗ ಆಗ್ತೈತಿ.

ಗಂಡು ಹೆಣ್ಣು ಬ್ಯಾರೆ ಮಾಡೋದು ನನಗ ಕಲಿಯಾಕ ಒಂದು ತಿಂಗಳು ಹಿಡದಿತ್ತು. ಹೆಣ್ಣಿಗೆ ಮಾರಿ ಮುಂದ ಚೂಪು ಮೂತಿ ಇರ್ತೈತಿ, ಗಂಡಿಗೆ ಇರಂಗಿಲ್ಲ. ಗಟ್ಟಿನಾಕಿ ಎರಡು ವಾರದಾಗ ಕಲತು, ಗಾಜಿನ ನಳಿಗ್ಯಾಗ ಹಿಡದು ಹಿಡದು ಬಿಡಾಕತ್ತಾಳ. ಸಾರ್ ಶಾಭಾಸ್ ಅಂದ್ರು. ಮಗ್ಗದ ಮುಂದ ಕುಂತ ಕಣ್ಣು, ಅದರಾಗ ಏನು ದೊಡ್ಡಸ್ತನ ಐತಿ?

ಮೇ ೫

ಮಕ್ತಲ್‌ನ ಸಾಯಣ್ಣ ಬಂದಿದ್ದ, ಹತ್ತಿ ಬೆಳೀತಾನ, ನಮ್ಮ ಹಳೇ ಗಿರಾಕಿ. ಸಾರ್ ಮುಂದ ಕುಂತು ಗೋಳು ಹೊಯ್ಕೊಂಡ. "ಮುಂಚೆ ಚಳಿ ಬಿದ್ರ ಹತ್ತ್ಯಾಗಿನ ಹುಳ ತಣ್ಣಗ ಕುಂದರ್ತಿತ್ತು ಸಾರ್. ಈಗ ಸಂಕ್ರಾಂತ್ಯಾಗೂ ಬೆವರು ಬರ್ತೈತಿ, ಹುಳ ಕುಂದರವಲ್ದು."

ಸಾರ್ ಹೇಳಿದ್ರು, "ಹುಳದ ಮೈಯಾಗ ತನ್ನದು ಅಂತ ಬಿಸಿ ಇರಂಗಿಲ್ಲ ಸಾಯಣ್ಣ. ಹೊರಗ ಬೆಚ್ಚಗಿದ್ರ ಜಲ್ದಿ ಜಲ್ದಿ ಬೆಳಿತೈತಿ. ಚಳಿ ಕಡಿಮಿ ಆತು ಅಂದ್ರ ಒಂದು ಸುಗ್ಗ್ಯಾಗ ಒಂದು ಪೀಳಿಗಿ ಹೆಚ್ಚಿಗಿ ಆಗ್ತೈತಿ."

"ಹಂಗಾರ ಈ ಬ್ಯಾಸಗಿಗೆ ಊರ ತುಂಬ ಹುಳ ಆಗಬೇಕಲ್ರೀ?"

"ಅದಕ್ಕೊಂದು ಹದ್ದು ಐತಿ. ಹದ್ದು ದಾಟಿದ ಬಿಸಿಗೆ ಬೆಳಿಯೋದೂ ನಿಲ್ತೈತಿ, ಸಂತಾನನೂ ನಿಲ್ತೈತಿ. ಹೊಲದಾಗಿನವು ಕಾಯಿ ಒಳಗೋ ಮಣ್ಣಾಗೋ ಹೋಗಿ ಅಡಗ್ತಾವ. ನಮ್ಮ ಟ್ರೇದಾಗಿನವು ಎಲ್ಲಿಗೆ ಹೋಗಬೇಕು?"

ಗಟ್ಟಿನಾಕಿ ಬಾಗಲಾಗ ನಿಂತು ಕೇಳಾಕತ್ತಿದ್ಲು. "ಎಲ್ಲಿಗೂ ಹೋಗಂಗಿಲ್ಲ ಪಾಪ," ಅಂದ್ಲು. ಹುಳಕ್ಕ ಪಾಪ ಅನ್ನೋಳನ್ನ ನಾನು ಇಕಿನ್ನೇ ನೋಡಿದ್ದು.

ಮೇ ೧೪

ಗಂಡಾಂತರ ಬಂತು. ತಗಡಿನ ಕೋಲ್ಯಾಗ ಬೆಳೆದ ಪತಂಗ ಜಲ್ದಿ ಎದ್ದಿದ್ವು, ಸಣ್ಣಸಣ್ಣವು, ತತ್ತಿನೂ ಇಟ್ಟಿದ್ವು. ನೋಡಾಕ ಎಲ್ಲಾ ಸರಿ ಐತಿ. ಆದ್ರ ಒಂದು ತತ್ತಿನೂ ಒಡದು ಮರಿ ಬರಲಿಲ್ಲ. ಸುಕ್ಕು ಬಿದ್ದು ಕುಂತಾವ.

ಹೆಣ್ಣು ಹುಳ ಬಿಸಲಿಗೆ ಬಂಜಿ ಆಗ್ಯಾವ್ರಿ ಸಾರ್, ಅಂದೆ. ಸಾರ್ ನಕ್ಕರು. "ಹೆಣ್ಣಂತ ಹೆಂಗ ಹೇಳ್ತಿ ತಿರುಪತಮ್ಮ? ಪರೀಕ್ಷಾ ಮಾಡಿ ನೋಡೋಣು."

ನಾಕು ಡಬ್ಬಿ ಇಡಿಸಿದ್ರು. ಒಂದರಾಗ ಎಸಿ ಕೋಲಿ ಗಂಡು, ಎಸಿ ಕೋಲಿ ಹೆಣ್ಣು. ಇನ್ನೊಂದರಾಗ ಎರಡೂ ತಗಡಿನ ಕೋಲಿಯವು. ಮೂರನೇದ್ರಾಗ ಎಸಿ ಗಂಡು, ತಗಡಿನ ಹೆಣ್ಣು. ನಾಕನೇದ್ರಾಗ ತಗಡಿನ ಗಂಡು, ಎಸಿ ಹೆಣ್ಣು. ನಾಕೂ ಡಬ್ಬಿ ತಣ್ಣನ ಕೋಲ್ಯಾಗ ಇಟ್ವಿ. ಆರಿಸಿ ಬಿಟ್ಟಾಕಿ ಗಟ್ಟಿನಾಕಿ. ಮೂರನೇ ಡಬ್ಬಿ ಖಾಲಿ ಹೋಗ್ತೈತಿ ಅಂತ ನಾನು ಒಂದು ಚಾಕ್ಕ ಪಂದ್ಯ ಕಟ್ಟಿದೆ.

ಮೇ ೧೫

ಊಟಕ್ಕ ಕುಂತಾಗ ಆಕಿ ತಾನಾಗೇ ಹೇಳಿದ್ಲು. ಹೋದ ವರ್ಷ ರಾಯಚೂರಾಗ ಡಾಕ್ಟರಮ್ಮ ನೋಡಿ, ನಿಂದೆಲ್ಲಾ ಚಲೋ ಐತಿ, ಮುಂದಿನ ಸಲ ಗಂಡನ್ನ ಕರ್ಕೊಂಡು ಬಾ ಅಂದಿದ್ಲಂತ. ರಾಜು ಹೋಗಲಿಲ್ಲಂತ.

ಅವನ್ಯಾಕ ಹೋಗಬೇಕು? ಹುಲಿ ಇದ್ದಂಗ ಅದಾನ. ನಾಕು ಗಂಟೆಗೆ ಎದ್ದು ಹಂಡೆಗೆ ಬೆಂಕಿ ಹಾಕಿದ್ರ ಮಧ್ಯಾಹ್ನದ ತನಕ ಉಗಿ ಒಳಗ ನಿಂತು ನೂಲು ಅದ್ದತಾನ. ಬೆಂಕಿ ಮುಂದ ನಿಂತು ನಿಂತು ಕಾಲಾಗಿನ ಕೂದಲೆಲ್ಲ ಉದರ್‍ಯಾವ, ಆದ್ರೂ ಒಂದು ದಿನ ಉಸ್ಸಪ್ಪ ಅಂದಿಲ್ಲ. ಅಂಥವನ್ನ ಡಾಕ್ಟರ ಮುಂದ ನಿಲ್ಲಸ್ತಾಳಂತ.

ಅಂದುಬಿಟ್ಟೆ ಇದನ್ನೆಲ್ಲಾ. ಆಕಿ ಡಬ್ಬಿ ತೊಳ್ಯಾಕ ಹೋದ್ಲು.

ಮೇ ೨೪

ಮೂರನೇ ಡಬ್ಬ್ಯಾಗ ಮರಿ ಅದಾವ.

ತಗಡಿನ ಕೋಲ್ಯಾಗ ಬೆಂದ ಹೆಣ್ಣಿಗೆ ತಣ್ಣನ ಕೋಲಿ ಗಂಡು ಕೂಡಿದ್ರ ಮರಿ ಆಗ್ಯಾವ, ಕಡಿಮಿ ಆದ್ರೂ ಆಗ್ಯಾವ. ನಾಕನೇದ್ರಾಗ ಹೆಣ್ಣು ದುಂಡುದುಂಡಗ ಚಲೋ ಅದಾವ, ರಾಶಿ ತತ್ತಿ ಇಟ್ಟಾವ. ಒಂದಕ್ಕೂ ಜೀವ ಇಲ್ಲ.

ನೀನೇ ಹುಳ ಕಲಸಿ ಹಾಕೀದಿ ಅಂತ ಆಕಿಗೆ ಬಾಯಿಗೆ ಬಂದಂಗ ಬೈದೆ. ಮನ್ಯಾಗ ಒಂದು ಕೆಲಸ ನೆಟ್ಟಗಿಲ್ಲ, ಇಲ್ಲೂ ಇಲ್ಲ ಅಂದೆ. ಸಾರ್ ಇದ್ರು, ಅವರ ಮುಂದನ ಅಂದೆ. ಆಕಿ ನಾಕನೇ ಡಬ್ಬಿ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿದ್ಲು. ಆಮ್ಯಾಲ ಕೈ ತೊಳಕೊಂಡು, ಬೇವಿನ ಗಿಡದ ಕೆಳಗ ಹೋಗಿ ಕುಂತ್ಲು.

ಇನ್ನೊಮ್ಮೆ ಮಾಡ್ತೀನಿ ಸಾರ್, ನನ್ನ ಕೈಲೇ ಆರಿಸ್ತೀನಿ ಅಂದೆ.

ಮೇ ೨೫

ಇಬ್ಬರೂ ಸಂಜಿ ತನಕ ಜರಡಿ ಹಿಡದ್ವಿ. ಚಾ ಪಂದ್ಯದ ಮಾತು ಯಾರೂ ತೆಗೀಲಿಲ್ಲ.

ಜೂನ್ ೬

ನನ್ನ ಕಣ್ಣಿಲೇ ನೋಡಿ, ನನ್ನ ಕೈಲೇ ಆರಿಸಿ ಬಿಟ್ಟಿದ್ದೆ. ಅದೇ ಆತು. ಮೂರನೇದ್ರಾಗ ಮರಿ, ನಾಕನೇದು ಖಾಲಿ.

"ಅತಿ ಬಿಸ್ಯಾಗ ಬೆಳೆದ್ರ ಗಂಡಿನ ಬೀಜ ಮೊದಲು ಸಾಯ್ತೈತಿ," ಅಂದ್ರು ಸಾರ್. "ಹೊರಗ ಏನೂ ಕಾಣಂಗಿಲ್ಲ. ಹಾರ್ತೈತಿ, ಕೂಡ್ತೈತಿ, ಎಲ್ಲಾ ಐತಿ. ಹೆಣ್ಣು ತತ್ತಿ ಇಟ್ಟು ಕಾಯ್ತೈತಿ ಅಷ್ಟ."

ಮನಶರಿಗೂ ಹಿಂಗ ಆಗ್ತೈತೇನ್ರಿ ಅಂತ ಕೇಳಿಬಿಟ್ಟೆ. ಯಾಕ ಕೇಳಿದೆನೋ. ಸಾರ್ ನನ್ನ ಮಾರಿ ನೋಡಿದ್ರು, ಆಕಿ ಮಾರಿ ನೋಡಲಿಲ್ಲ. "ಹುಳದ್ದು ಹುಳಕ್ಕ, ತಿರುಪತಮ್ಮ. ಮನಶರದ್ದು ಡಾಕ್ಟರ್ ಪರೀಕ್ಷಾ ಮಾಡಿ ಹೇಳಬೇಕು. ಆದ್ರ ಬೆಂಕಿ ಮುಂದ ದುಡಿಯೋರಿಗೆ ಒಮ್ಮೆ ತೋರ್ಸ್ಕೊರಿ ಅಂತ ಹೇಳ್ತಾರ."

ಪ್ರಶಾಂತಿ ಜರಡಿ ಹಿಡಿಯೋದು ನಿಲ್ಲಸಲಿಲ್ಲ.

ಜೂನ್ ೭

ಹುಳದ ಮನಿ ಗೋಡಿ ಮ್ಯಾಲಿನ ಥರ್ಮಾಮೀಟರ್ ನಿನ್ನೆ ಬುತ್ತಿ ಚೀಲದಾಗ ಹಾಕ್ಕೊಂಡು ಮನಿಗೆ ತಂದೆ. ಮುಂಜಾನೆ ರಾಜು ಹಂಡೆ ಮುಂದ ನಿಂತಾಗ, ಅವನ ಹಿಂದಿನ ಕಂಬಕ್ಕ ಕಟ್ಟಿದೆ. ಏನಕ್ಕ ಅದು ಅಂದ. ಏನಿಲ್ಲಪ್ಪ ಅಂದೆ.

ನಲವತ್ತೇಳು.

ತಗಡಿನ ಕೋಲಿಗಿಂತ ಹೆಚ್ಚು. ಹದಿನೈದು ವರ್ಷದ ಹುಡುಗ ಇದ್ದಾಗಿಂದ ಅಲ್ಲೇ ನಿಂತಾನ ನನ್ನ ತಮ್ಮ. ಅವನ್ನ ಅಲ್ಲಿ ಹಚ್ಚಿದವಳು ನಾನ. ಅಪ್ಪ ಸತ್ತಾಗ ನೀನೇ ಹಂಡೆ ನೋಡ್ಕೋ ಅಂತ ಕೈ ಹಿಡದು ಒಯ್ದು ನಿಲ್ಲಿಸಿದ್ದೆ.

ಜೂನ್ ೯

ಧೈರ್ಯ ಮಾಡಿ ಕೇಳಿದೆ. ಕೆಂಪು ರೇಷ್ಮಿ ಲಡಿ ಹಿಂಡಾಕತ್ತಿದ್ದ. ರಾಜು, ಒಮ್ಮೆ ರಾಯಚೂರಿಗೆ ಹೋಗಿ ತೋರ್ಸ್ಕೊಂಡು ಬಾ, ನಾನೂ ಬರ್ತೀನಿ ಅಂದೆ. ಹುಳದ ಡಬ್ಬಿ ಮಾತು ಹೇಳಿದೆ. ಅರ್ಧ ಹೇಳೋದ್ರಾಗ ಲಡಿ ನೆಲಕ್ಕ ಒಗದ.

"ನನ್ನ ಹುಳಕ್ಕ ಹೋಲಸ್ತಿ ಏನಕ್ಕಾ? ಓಣ್ಯಾಗ ತಲಿ ಎತ್ತಿ ತಿರಗಾಡಬೇಕು ನಾನು."

ಆಮ್ಯಾಲ ತಾನ ಕುಂತ. ದೊಡ್ಡ ಗಂಡಸು, ಮಾರಿ ಮುಚ್ಕೊಂಡು ಅತ್ತ. ನನ್ನ ಕೈ ಹಿಡಕೊಂಡ, ಕೈಯೆಲ್ಲ ಬಣ್ಣ. "ಅವ್ವಗ ಹೇಳಬ್ಯಾಡ ಅಕ್ಕಾ. ಯಾರಿಗೂ ಹೇಳಬ್ಯಾಡ. ನಿನ್ನ ಕಾಲು ಬೀಳ್ತೀನಿ." ಹೇಳಂಗಿಲ್ಲ ಅಂದೆ. ತಮ್ಮ ಅತ್ರ ನನಗ ತಡಕೊಳ್ಳಾಕ ಆಗಂಗಿಲ್ಲ. ಅವ ಹುಟ್ಟಿದಾಗಿಂದ ಹಂಗ.

ಜೂನ್ ೨೩

ಮಳಿ ಬಂತು. ತಗಡಿನ ಕೋಲಿ ತಣ್ಣಗಾಗೈತಿ. ಅಲ್ಲಿನ ಪತಂಗ ಈಗ ಚಲೋ ಆಗ್ಯಾವ, ಕಾರ್ಡ್ ಕರ್ರಗಾಗಾಕತ್ಯಾವ. ಗಟ್ಟು, ಮಕ್ತಲ್, ಗದ್ವಾಲ ಎಲ್ಲಾ ಕಡಿಂದ ಫೋನ್ ಬರಾಕತ್ಯಾವ.

ನನಗ ಕೆಮ್ಮು ಜೋರಾಗೈತಿ. ಪ್ರಶಾಂತಿ ನನ್ನ ಕೈಯಾಗಿನ ಜರಡಿ ಕಸಗೊಂಡು, ಹೊರಗ ಬೇವಿನ ಗಿಡದ ಕೆಳಗ ಕುಂದ್ರಿಸಿ, ಒಳಗ ಎಲ್ಲಾ ತಾನ ಮಾಡಿದ್ಲು. ಶುಂಠಿ ಕುದಿಸಿ ತಂದ್ಲು. "ಕುಡೀರಿ ಅಕ್ಕಾ, ನೀವು ಮಲಗಿದ್ರ ನನಗ ಬೈಯಾಕ ಯಾರದಾರ?" ಅಂದ್ಲು. ನಗು ಬಂತು. ನಕ್ಕು ನಕ್ಕು ಇನ್ನಷ್ಟು ಕೆಮ್ಮು ಬಂತು.

ಮುಂಜಾನೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡದಿದ್ದೆ, ಆಕಿಗೆ ಸೇರ್ತಾವ. ಮಧ್ಯಾಹ್ನ ಆಕಿ ತಲಿಗೆ ಎಣ್ಣಿ ಹಚ್ಚಿದೆ. ಉದ್ದ ಕೂದಲು. ಏಳು ವರ್ಷ ಒಂದ ಮನ್ಯಾಗ ಇದ್ದು ನಾನು ನೋಡೇ ಇರಲಿಲ್ಲ.

ಅವ್ವ ಪೆಂಟಮ್ಮಗ ಫೋನ್ ಮಾಡಿ, ಮೌನಿಕಾನ್ನ ತರಾಕ ಹೂಂ ಅಂದಾಳಂತ.

ಜುಲೈ ೧೪

ಬರಿಯಾಕ ಕೈ ಬರವಲ್ದು. ಬರೀತೀನಿ.

ಓಣಿ ಗುಡಿ ಕಟ್ಟಿ ಮ್ಯಾಲ ಪಂಚರು ಕೂಡಿದ್ರು. ಗಟ್ಟಿಂದ ಪ್ರಶಾಂತಿ ಅಣ್ಣ ಕೊಟ್ರೇಶ ಬಂದಿದ್ದ. ಅವ್ವ ಎಲ್ಲಾ ಹೇಳಿದ್ಲು, ಏಳು ವರ್ಷ, ತೊಟ್ಲು, ಗೆದ್ದಲ. ರಾಜು ನೆಲ ನೋಡ್ತಾ ನಿಂತಿದ್ದ. ಪ್ರಶಾಂತಿಗೆ ಕೇಳಿದ್ರು, ಏನಮ್ಮ, ನೀನೇನಾರ ಹೇಳೋದೈತೇನು ಅಂತ. ಇಲ್ರಿ ಅಂದ್ಲು.

ಹಿರೇರು ನನ್ನ ಕಡೆ ತಿರುಗಿದ್ರು. "ತಿರುಪತಮ್ಮ, ನೀ ದಿನಾ ಆಕಿ ಜೊತಿ ಇರಾಕಿ. ನೀ ಏನಂತಿ?"

ಪ್ರಶಾಂತಿ ತಲಿ ಎತ್ತಿ ನನ್ನ ನೋಡಿದ್ಲು. ಒಂದ ಸಲ. ಬ್ಯಾಡ ಅಕ್ಕಾ, ಹೇಳಬ್ಯಾಡ್ರಿ, ನನ್ನ ಗಂಡನ ಮಾನ ಹೋಗ್ತೈತಿ ಅಂದಂಗ ಇತ್ತು ಆ ನೋಟ. ಹಂಗ ಇತ್ತು. ರಾಜುನೂ ನೋಡಿದ.

ನಂದೇನೂ ಇಲ್ರಿ ಅಂದೆ.

ಬಿಡುಗಡಿ ಕಾಗದಕ್ಕ ಪ್ರಶಾಂತಿ ಹೆಬ್ಬೆಟ್ಟು ಅಲ್ಲ, ಸಹಿನ ಮಾಡಿದ್ಲು. ದುಂಡನ ಅಕ್ಷರ. ಮುಗೀತು. ನನ್ನ ನಾಲಿಗಿ ಬಿದ್ದು ಹೋಗ್ಲಿ.

ಜುಲೈ ೧೫

ಮಕ್ತಲ್ ತನಕ ಹೋಗಿ ಬಿಟ್ಟು ಬಂದೆ. ಗದ್ವಾಲ ಬಸ್ಸಿಗೆ ಭಾಳ ಹೊತ್ತು ನಿಂತಿದ್ವಿ. ಕೊಟ್ರೇಶ ನನ್ನ ಜೊತಿ ಮಾತಾಡಲಿಲ್ಲ, ಯಾಕ ಮಾತಾಡಬೇಕು? ಬಸ್ ಬಂದಾಗ ಆಕಿ ಬಗ್ಗಿ ನನ್ನ ಕಾಲು ಮುಟ್ಟಿದ್ಲು. ಕಿಟಕಿಯಾಗಿಂದ ಹೇಳಿದ್ಲು, "ಅಕ್ಕಾ, ಕಡೀ ಟ್ರೇದಾಗ ಇವತ್ತು ಪತಂಗ ಏಳ್ತಾವ. ಮರೀಬ್ಯಾಡ್ರಿ."

ಜುಲೈ ೧೬

ಕಡೀ ಟ್ರೇದಾಗ ಪತಂಗ ಎದ್ದಿದ್ವು. ಆಕಿ ಮಾರಿ ಬಟ್ಟಿ ಗೂಟಕ್ಕ ಹಂಗ ಐತಿ. ಮರತು ಹೋಗ್ಯಾಳ. ಇರ್ಲಿ ಅಂತ ಬಿಟ್ಟೆ.

ಬುತ್ತಿ ಬಿಚ್ಚಿದ ಮ್ಯಾಲ ಗೊತ್ತಾತು, ಇಬ್ಬರಿಗೆ ಆಗೋಷ್ಟು ಕಟ್ಟಿದ್ದೆ.

ಆಗಸ್ಟ್ ೨೨

ಮದವಿ ಆತು. ಮೌನಿಕಾ ಒಳ್ಳೇ ಹುಡುಗಿ. ಬಂದ ದಿನಾನ ಅಕ್ಕಾ ಅಕ್ಕಾ ಅಂತ ಹಿಂದ ಹತ್ಯಾಳ. ಒಳ್ಳೇಕಿ ಇರಬಾರದಿತ್ತು. ಜಗಳಗಂಟಿ ಇದ್ದಿದ್ರ ನನಗ ನಿದ್ದಿ ಬರ್ತಿತ್ತು.

ಡಿಸೆಂಬರ್ ೨೮

ಚಳಿ ಬರಲಿಲ್ಲ ಈ ವರ್ಷ. ಹತ್ತಿ ಬಿಡಿಸೋದು ಮುಗಿಯೋಕ ಬಂದ್ರೂ ಹುಳ ನಿಂತಿಲ್ಲ. ಸಾಯಣ್ಣ ಕಾರ್ಡ್ ಒಯ್ಯಾಕ ಬಂದವ, ಇನ್ನೊಬ್ಬಾಕಿ ಎಲ್ಲಿ, ಲಗೂ ಲಗೂ ಎಣಿಸಿ ಕೊಡ್ತಿದ್ಲಲ್ಲ ಅಂತ ಕೇಳಿದ. ತವರಿಗೆ ಹೋಗ್ಯಾಳ ಅಂದೆ. ಯಾವಾಗ ಬರ್ತಾಳ ಅಂದ. ಸಾರ್ ಮಾತು ಬದಲಿಸಿದ್ರು.

ಅವ್ವ ಮೌನಿಕಾನ ಮುಟ್ಟಿನ ದಿನ ಎಣಸಾಕ ಹತ್ಯಾಳ. ಹುಡುಗಿ ಹೊರಗ ಕುಂತ ದಿನ ಅವ್ವ ಪಾತ್ರಿ ಸಪ್ಪಳ ಮಾಡ್ತಾಳ.

ಮಾರ್ಚ್ ೩೦, ಯುಗಾದಿ

ಬೇವು ಬೆಲ್ಲ ಕೊಟ್ಟು ಅವ್ವ ನನ್ನ ಪಕ್ಕ ಕುಂತ್ಲು. ಮೌನಿಕಾ ಒಲಿ ಮುಂದ ಹೋಳಿಗಿ ಬೇಯಿಸ್ತಿದ್ಲು.

"ನಾಳಿಂದ ಇಕಿನ್ನೂ ನಿನ್ನ ಜೊತಿ ಹುಳದ ಮನಿಗೆ ಕರ್ಕೊಂಡು ಹೋಗು," ಅಂದ್ಲು. "ಮಗ್ಗದ ಮುಂದ ಇಕಿ ಮಾರಿ ನನಗ ಬ್ಯಾಡ."

ಹೋಳಿಗ್ಯಾಗಿನ ಕೈ ನಿಂತಿತು. ಪ್ರಶಾಂತಿ ಕೈ ನಿಂತಿರಲಿಲ್ಲ. ಈ ಹುಡುಗಿದು ನಿಂತಿತು, ಮತ್ತ ಆಕಿ ತಿರುಗಿ ನನ್ನ ನೋಡಿದ್ಲು. ಆಗ ನನಗ ಏನಾತೋ ಏನೋ, ಬೇವು ಬೆಲ್ಲದ ಬಟ್ಲಾ ನೆಲಕ್ಕ ಕುಕ್ಕಿ ಎಲ್ಲಾ ಹೇಳಿಬಿಟ್ಟೆ. ನಾಕು ಡಬ್ಬಿ ಹೇಳಿದೆ. ತಗಡಿನ ಕೋಲಿ ಹೇಳಿದೆ. ರಾಯಚೂರಿನ ಡಾಕ್ಟರಮ್ಮ ಪ್ರಶಾಂತಿಗೆ ಏನಂದಿದ್ಲು ಅಂತ ಹೇಳಿದೆ. ಕಂಬಕ್ಕ ಕಟ್ಟಿದ ಥರ್ಮಾಮೀಟರ್ ಹೇಳಿದೆ. ಇನ್ನೆಷ್ಟು ಹೆಣ್ಣುಮಕ್ಕಳನ್ನ ನನ್ನ ಹಿಂದ ಕಳಸ್ತೀ ಅವ್ವಾ, ಕಳಸೋದಿದ್ರ ನಿನ್ನ ಮಗನ್ನ ಕಳಸು ಅಂದೆ.

ಅವ್ವ ಥೂ ಅಂದು ಎದ್ದು ಹೋದ್ಲು. ರಾಜು ಹಿತ್ತಲ ಬಾಗಲಾಗ ನಿಂತಿದ್ದ. ಬೈತಾನ ಅಂದ್ಕೊಂಡೆ. ಬೈಯಲಿಲ್ಲ.

"ಪ್ರಶಾಂತಿಗೆ ಗೊತ್ತಿತ್ತೇನಕ್ಕಾ?"

"ನನಗಿಂತ ಮೊದಲು ಗೊತ್ತಿತ್ತು."

"ಮತ್ತ ಪಂಚರ ಮುಂದ ಯಾಕ ಸುಮ್ಮಕಿದ್ಲು?"

"ನಿನ್ನ ತಲಿ ಕೆಳಗ ಆಗಬಾರದು ಅಂತ," ಅಂದೆ. ನಾನು ಹಂಗ ತಿಳಕೊಂಡಿದ್ದೆ.

ಏಪ್ರಿಲ್ ೨

ನಿನ್ನೆ ಹಂಡೆಗೆ ಬೆಂಕಿ ಬೀಳಲಿಲ್ಲ. ರಾಜು ಮುಂಜಾನೆ ಮಕ್ತಲ್ ಬಸ್ ಹತ್ತಿದ. ರಾಯಚೂರಿಗೆ ಹೋದ ಅಂತ ನಾನು ದೇವರಿಗೆ ಕೈ ಮುಗಿದೆ. ಅವ ಗಟ್ಟುವಿಗೆ ಹೋಗಿದ್ದ.

ಇವತ್ತು ಸಂಜಿಗೆ ಬಂದ. ಒಬ್ಬನ ಬಂದ. ಕೈಕಾಲು ತೊಳಕೊಂಡು ನನ್ನ ಮುಂದ ಕುಂತು ಹೇಳಿದ. ಪ್ರಶಾಂತಿ ಅವನಿಗೆ ನೀರು ಕೊಟ್ಲಂತ, ಊಟಕ್ಕೂ ಹಾಕಿದ್ಲಂತ. ಕೊಟ್ರೇಶನ ಹೊಲದ ಮನ್ಯಾಗ ಇರ್ತಾಳ, ಕಡಲಿ ಒಕ್ಕಲಿ ನಡದಿತ್ತಂತ. ಇವ ಕಾಲಿಗೆ ಬಿದ್ದು, ತಪ್ಪು ನಂದು, ಊರಾಗ ಎಲ್ಲಾರ ಮುಂದ ಹೇಳ್ತೀನಿ ಅಂದನಂತ. ಆಕಿ ಅಳಲಿಲ್ಲಂತ.

"ಮನ್ಯಾಗ ಒಬ್ಬಾಕಿ ಅದಾಳಲ್ಲ. ಆಕಿನ್ನ ನೋಡ್ಕೊರಿ. ಮೊದಲು ಡಾಕ್ಟರ್‌ಗೆ ತೋರ್ಸ್ಕೊರಿ," ಅಂದ್ಲಂತ.

ನೀ ಯಾಕ ಅವತ್ತ ಹೇಳಲಿಲ್ಲ ಅಂತ ರಾಜು ಕೇಳ್ಯಾನ. ಅದಕ್ಕ ಆಕಿ ಅಂದದ್ದನ್ನ ರಾಜು ಎರಡು ಸಲ ಹೇಳಿದ, ನನಗ ತಿಳೀಲಿಲ್ಲ ಅಂತ ತಿಳದು.

"ನಾ ಹೇಳಿದ್ರ ನನ್ನ ಬಚಾವಿಗೆ ಹೇಳಿದಂಗ ಆಗ್ತಿತ್ತು, ಯಾರು ನಂಬ್ತಿದ್ರು? ಅಕ್ಕ ತನ್ನ ಕೈಲೇ ಡಬ್ಬಿ ಇಟ್ಟು ನೋಡಿದ್ಲು. ಅಕ್ಕ ಹೇಳಿದ್ರ ನಂಬ್ತಿದ್ರು. ಅಕ್ಕ ಹೇಳ್ತಾಳ ಅಂತ ನಾನು ಆಕಿ ಮಾರಿ ನೋಡಿದೆ."

ಬ್ಯಾಡ ಅಂತ ಅಲ್ಲ.

ಇಷ್ಟು ದಿನ ಆ ನೋಟ ಒಂದನ್ನ ಹಿಡಕೊಂಡು ನಾನು ಉಂಡೀನಿ, ಮಲಗೀನಿ. ನನಗ ಆಗಬೇಕು ಇದು. ನನಗ ಅಳು ಬಂತು. ರಾಜು ಮುಂದನ ಅತ್ತುಬಿಟ್ಟೆ. ಮೌನಿಕಾ ಬಂದು ನೀರು ಕೊಟ್ಟು ಹೋದ್ಲು.

ನಾಡದು ರಾಜು ರಾಯಚೂರಿಗೆ ಹೋಗ್ತಾನ, ಜೊತಿಗೆ ನಾನು ಹೋಗ್ತೀನಿ. ಮೌನಿಕಾ ಮಗ್ಗದ ಮುಂದನ ಕುಂದರ್ತಾಳ, ಅವ್ವ ಏನಾರ ಅನ್ಲಿ.

ಏಳೋ ಮುಂದ ರಾಜು ನೆನಪು ಮಾಡ್ಕೊಂಡು ಅಂದ, ಆಕಿ ಇನ್ನೊಂದು ಹೇಳ್ಯಾಳ ಅಕ್ಕಾ. ಹುಳದ ಮನ್ಯಾಗ ಗೂಟಕ್ಕ ತನ್ನ ಬಟ್ಟಿ ಐತಂತ, ಕೆಂಪು ಅಂಚಿಂದು. ಅದನ್ನ ಕಳಸಿಬಿಡು ಅಂದಾಳ. ತನ್ನದು ಅಂತ ಅಲ್ಲಿ ಏನೂ ಇರೋದು ಬ್ಯಾಡಂತ.

ನಾಳೆ ಹೋಗಿ ತೆಗೀತೀನಿ. ಪತಂಗದ ಹೊಟ್ಟು ಕುಂತಿರ್ತೈತಿ. ಒಗದು, ಒಣಗಿಸಿ, ಮಡಚಿ ಕಳಸ್ತೀನಿ.